ಬೆವರಿಗೆ ಕಳಚುವ ಸೆನ್ಸರ್: ನಮ್ಮ ಬಿಸಿಲಿನಲ್ಲಿ, ನಮ್ಮ ಚರ್ಮದ ಮೇಲೆ ಪರೀಕ್ಷೆ ಮಾಡಿದವರು ಯಾರು?

ಮೇ ತಿಂಗಳ ಒಂದು ರಾತ್ರಿ. ಸಿಂಧನೂರಿನ ಸೋದರಮಾವನ ಮನೆ. ಬೇಸಿಗೆಯಲ್ಲಿ ಅಲ್ಲಿ ಎಲ್ಲರೂ ಮಾಳಿಗೆ ಮೇಲೆ ಚಾಪೆ ಹಾಸಿ ಮಲಗುತ್ತಾರೆ. ಮೂರು ಗಂಟೆ ಸುಮಾರಿಗೆ ಮಾವನ ತಲೆದಿಂಬಿನ ಪಕ್ಕದ ಫೋನು ಬಡಿದುಕೊಳ್ಳತೊಡಗಿತು. ಎದ್ದು ನೋಡಿದರೆ ಪರದೆ ಮೇಲೆ ಕೆಂಪು ಅಕ್ಷರದಲ್ಲಿ 58. ಅಂದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದಿದೆ ಅಂತ. ಅತ್ತೆ ಬೆಲ್ಲದ ನೀರು ತರಲು ಕತ್ತಲಲ್ಲೇ ಮೆಟ್ಟಿಲು ಇಳಿದು ಓಡಿದರು. ನಾನು ಹಳೆ ಗ್ಲುಕೋಮೀಟರ್ ಹುಡುಕಿ ಮಾವನ ಬೆರಳು ಚುಚ್ಚಿದೆ. 112. "ನಾ ಆರಾಮೇ ಅದೀನಿ, ನಿಮಗೇನಾಗೈತಿ?" ಅಂತ ಮಾವ ಮಗ್ಗುಲು ಬದಲಿಸಿ ಮತ್ತೆ ಮಲಗಿದರು. ಬೆಲ್ಲದ ನೀರು ನಾನೇ ಕುಡಿದೆ.

ಹತ್ತು ನಿಮಿಷದಲ್ಲಿ ಫೋನಿನ ಅಂಕಿಯೂ ತಾನಾಗೇ ಮೇಲೆ ಬಂತು. ಆಗ ಹೊಳೆಯಿತು. ಮಾವ ಎಡ ಮಗ್ಗುಲಿಗೆ ಮಲಗಿದ್ದರು. ಸೆನ್ಸರ್ ಅಂಟಿಸಿದ್ದು ಎಡ ತೋಳಿನ ಹಿಂಭಾಗಕ್ಕೆ.

ತೋಳಿಗೆ ಅಂಟಿಸುವ ಆ ಬಿಳಿ ಬಿಲ್ಲೆಗೆ ಸಿಜಿಎಂ (ಕಂಟಿನ್ಯುಯಸ್ ಗ್ಲುಕೋಸ್ ಮಾನಿಟರ್) ಅನ್ನುತ್ತಾರೆ. ಹಗಲು ರಾತ್ರಿ ಗ್ಲುಕೋಸ್ ನೋಡುತ್ತಾ ಇರುವುದು ಅದರ ಕೆಲಸ. ಆದರೆ ಅದು ರಕ್ತವನ್ನು ಮುಟ್ಟುವುದೇ ಇಲ್ಲ. ಕೂದಲಿನಂಥ ಒಂದು ಎಳೆ ಚರ್ಮದ ಕೆಳಗೆ ಸುಮಾರು ಅರ್ಧ ಸೆಂಟಿಮೀಟರ್ ಇಳಿದಿರುತ್ತದೆ. ಜೀವಕೋಶಗಳ ಸಂದಿಯಲ್ಲಿ ಹರಿದಾಡುವ ನೀರಿನಲ್ಲಿ ಸಕ್ಕರೆ ಎಷ್ಟಿದೆ ಅಂತ ನೋಡಿ, ಅದರ ಮೇಲೆ ರಕ್ತದಲ್ಲಿ ಎಷ್ಟಿರಬಹುದು ಅಂತ ಲೆಕ್ಕ ಹಾಕುತ್ತದೆ. ರಕ್ತದ ಸಕ್ಕರೆ ಏರಿಳಿದರೆ ಈ ನೀರಿಗೆ ಸುದ್ದಿ ಮುಟ್ಟಲು ಐದರಿಂದ ಹದಿನೈದು ನಿಮಿಷ ಬೇಕು. ಆ ತೋಳಿನ ಮೇಲೇ ಭಾರ ಹಾಕಿ ಮಲಗಿದರೆ ನೀರು ಹಿಂಡಿ ಆಚೆ ಹೋಗುತ್ತದೆ, ಎಳೆಗೆ ಸಕ್ಕರೆ ಸಿಗುವುದಿಲ್ಲ, ಅಂಕಿ ಧಬಕ್ಕನೆ ಬೀಳುತ್ತದೆ. ಸಕ್ಕರೆ ಕಾಯಿಲೆ ನೋಡುವ ಡಾಕ್ಟರುಗಳಿಗೆ ಇದು ಹಳೆಯ ವಿಷಯ. ಮಾವನಿಗೆ ಯಾರೂ ಹೇಳಿರಲಿಲ್ಲ.

ಡಬ್ಬಿ ಮೇಲೆ 14 ದಿನ ಅಂತ ಬರೆದಿತ್ತು. ಆರನೇ ದಿನ ಎಪಿಎಂಸಿಯಲ್ಲಿ ಭತ್ತದ ಚೀಲ ತೂಗಿಸುತ್ತಾ ನಿಂತಿದ್ದಾಗ ಬಿಲ್ಲೆ ಬೆವರಿಗೆ ಕಳಚಿಕೊಂಡಿತು. ಸಂಜೆ ಅಂಗಿ ಬಿಚ್ಚಿದಾಗ ಅದರ ತೋಳಿನ ಒಳಮಗ್ಗುಲಿಗೆ ಅಂಟಿಕೊಂಡು ಸಿಕ್ಕಿತು. ಒಂದು ಸೆನ್ಸರಿಗೆ ನಾಲ್ಕೈದು ಸಾವಿರ ರೂಪಾಯಿ. "ಮೂರು ಚೀಲ ಭತ್ತ ಬೆವರಿಗೆ ಹೋತು" ಅಂದರು ಮಾವ.

ಇಷ್ಟಕ್ಕೇ ಈ ಸಾಧನ ಕೆಟ್ಟದ್ದು ಅನ್ನುವವನು ನಾನಲ್ಲ. ಆ ಆರು ದಿನದಲ್ಲಿ ಮಾವ ಆರು ವರ್ಷದಲ್ಲಿ ಕಲಿಯದ್ದನ್ನು ಕಲಿತರು. ಬೆಳಿಗ್ಗೆ ವಗ್ಗರಣಿ ಮಿರ್ಚಿ ತಿಂದ ಮೇಲೆ ಗೆರೆ ಹೇಗೆ ಗುಡ್ಡ ಹತ್ತುತ್ತದೆ, ಜೋಳದ ರೊಟ್ಟಿ ತಿಂದ ದಿನ ಹೇಗೆ ನಿಧಾನ ಏರುತ್ತದೆ ಅಂತ ಕಣ್ಣಾರೆ ಕಂಡರು. ಡಾಕ್ಟರು ಎಷ್ಟು ಬೈದರೂ ಆಗದ್ದು ಒಂದು ಗೆರೆಯಿಂದ ಆಯಿತು. 2023ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಅಂದಾಜು ಮಾಡಿತ್ತು. ಇಂಥ ಸಾಧನ ಬೇಕೇ ಬೇಕು. ನನ್ನ ತಕರಾರು ಬೇರೆ. ಮೈಗೆ ಅಂಟಿಸುವ ಯಂತ್ರ ತೋರಿಸುವ ಅಂಕಿ, ಚರ್ಮದ ಆಚೆ ನಿಂತು ಮಾಡಿದ ಊಹೆ. ಆ ಊಹೆಯನ್ನು ಯಾವ ಚರ್ಮದ ಮೇಲೆ, ಎಷ್ಟು ಬಿಸಿಲಲ್ಲಿ ಕಲಿಸಿದ್ದಾರೆ ಅನ್ನುವುದರ ಮೇಲೆ ಅದರ ಬೆಲೆ ನಿಲ್ಲುತ್ತದೆ.

ಸ್ವಲ್ಪ ಒಳಗೆ ಹೋಗಿ ನೋಡೋಣ. ನಮ್ಮ ದೇಹದಲ್ಲೂ ಕರೆಂಟ್ ಇದೆ. ಎದೆ ಬಡಿಯುವುದು, ನರ ಮಿಡಿಯುವುದು ಎಲ್ಲ ಅದರಿಂದಲೇ. ಆದರೆ ದೇಹದ ಕರೆಂಟ್ ಉಪ್ಪಿನದು. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಅಯಾನುಗಳು, ಅಂದರೆ ವಿದ್ಯುತ್ ಹೊತ್ತ ಕಣಗಳು, ನೀರಿನಲ್ಲಿ ಈಜುತ್ತಾ ಸುದ್ದಿ ಸಾಗಿಸುತ್ತವೆ. ಯಂತ್ರದ ಕರೆಂಟ್ ತಂತಿಯೊಳಗೆ ಓಡುವ ಎಲೆಕ್ಟ್ರಾನಿನದು. ಎರಡೂ ಬೇರೆ ಬೇರೆ ಭಾಷೆ. ಇವೆರಡರ ನಡುವೆ ಕೂತು ಅನುವಾದ ಮಾಡುವ ವಿದ್ಯೆಯೇ ಬಯೋಎಲೆಕ್ಟ್ರಾನಿಕ್ಸ್. ಇಸಿಜಿ ತೆಗೆಯುವಾಗ ಎದೆಗೆ ತಣ್ಣನೆಯ ಜೆಲ್ ಹಚ್ಚುತ್ತಾರಲ್ವಾ, ಆ ಜೆಲ್ಲು, ಅದರ ಮೇಲಿನ ಬೆಳ್ಳಿ ಮತ್ತು ಬೆಳ್ಳಿ ಕ್ಲೋರೈಡಿನ ಪದರ ಸೇರಿ ಈ ದುಭಾಷಿ ಕೆಲಸ ಮಾಡುತ್ತವೆ. ಜೆಲ್ ಒಣಗಿದರೆ ಅನುವಾದ ತೊದಲುತ್ತದೆ. ಬೆವರು ಜಾಸ್ತಿಯಾದರೆ ಪಟ್ಟಿ ಜಾರುತ್ತದೆ, ಗೆರೆ ಗಜಿಬಿಜಿಯಾಗುತ್ತದೆ.

ಈಗಿನ ಸಂಶೋಧಕರಿಗೆ ತುಂಬ ಪ್ರಿಯವಾದ ಒಂದು ಪ್ಲಾಸ್ಟಿಕ್ ಇದೆ, ಪೆಡಾಟ್ ಪಿಎಸ್‌ಎಸ್ ಅಂತ. ಅದರ ಹೆಚ್ಚುಗಾರಿಕೆ ಏನೆಂದರೆ ಅದು ಅಯಾನನ್ನೂ ಸಾಗಿಸುತ್ತದೆ, ಎಲೆಕ್ಟ್ರಾನಿನಂತೆ ಕರೆಂಟನ್ನೂ ಸಾಗಿಸುತ್ತದೆ. ಬಳ್ಳಾರಿಯವರಿಗೆ ಇದನ್ನು ಜಾಸ್ತಿ ವಿವರಿಸುವುದು ಬೇಡ. ಅಂಗಡಿಗೆ ಬಂದವನು ತೆಲುಗಿನಲ್ಲಿ ಕೇಳಿದರೆ ತೆಲುಗು, ಕನ್ನಡದಲ್ಲಿ ಕೇಳಿದರೆ ಕನ್ನಡ, ಒಂದೇ ವಾಕ್ಯದಲ್ಲಿ ಎರಡೂ ಬಂದರೂ ತೊಂದರೆ ಇಲ್ಲ. ಈ ಪ್ಲಾಸ್ಟಿಕ್ಕೂ ಅಂಥದ್ದೇ ಗಡಿನಾಡಿನ ಮನುಷ್ಯ. ಮೇಲಾಗಿ ಮೆತ್ತಗಿದೆ. ಸಿಲಿಕಾನ್ ಚಿಪ್ಪು ಮಿದುಳಿನಂಥ ಮೃದು ಅಂಗಕ್ಕಿಂತ ಕೋಟಿಗಟ್ಟಲೆ ಪಟ್ಟು ಗಡಸು. ಗಡಸನ್ನು ಮೃದುವಿನ ಜೊತೆ ಇಟ್ಟರೆ ಉಜ್ಜುತ್ತದೆ, ಗಾಯವಾಗುತ್ತದೆ, ದೇಹ ಅದರ ಸುತ್ತ ಗೋಡೆ ಕಟ್ಟುತ್ತದೆ, ಕೊನೆಗೆ ಸದ್ದು ಕೇಳಿಸುವುದೇ ನಿಲ್ಲುತ್ತದೆ.

ಸಕ್ಕರೆ ಸೆನ್ಸರಿನ ಅನುವಾದಕ ಇನ್ನೊಂದು ಬಗೆ. 1962ರಲ್ಲಿ ಅಮೆರಿಕದ ಲೀಲ್ಯಾಂಡ್ ಕ್ಲಾರ್ಕ್ ಇದರ ದಾರಿ ತೋರಿಸಿದರು. ಗ್ಲುಕೋಸ್ ಆಕ್ಸಿಡೇಸ್ ಅನ್ನುವ ಕಿಣ್ವವನ್ನು ಎಲೆಕ್ಟ್ರೋಡಿನ ಮೇಲೆ ಕೂರಿಸಿದರೆ, ಅದು ಸಕ್ಕರೆಯನ್ನು ಒಡೆಯುವಾಗ ಆಗುವ ಬದಲಾವಣೆಯನ್ನು ಕರೆಂಟಿನ ರೂಪದಲ್ಲಿ ಅಳೆಯಬಹುದು. ಈ ಕಿಣ್ವ ಸಿಗುವುದು ಆಸ್ಪರ್ಜಿಲಸ್ ನೈಜರ್ ಎಂಬ ಬೂಷ್ಟಿನಿಂದ. ಉಳ್ಳಾಗಡ್ಡಿ ಸಿಪ್ಪೆ ಮೇಲೆ ಕಪ್ಪು ಪುಡಿ ಕೂತಿರುತ್ತದಲ್ಲ, ಅದೇ ಬೂಷ್ಟು. ಕೊಪ್ಪಳದ ಯಾವ ಸಂತೆಯಲ್ಲೂ ಕೈಗೆ ಮೆತ್ತಿಕೊಳ್ಳುತ್ತದೆ. ಬರುವ ಕರೆಂಟ್ ಎಷ್ಟು ಸಣ್ಣದೆಂದರೆ ಅದನ್ನು ನ್ಯಾನೋ ಆಂಪಿಯರ್‌ನಲ್ಲಿ ಎಣಿಸಬೇಕು. ಅಷ್ಟು ಸಣ್ಣ ಸದ್ದಿನ ನಡುವೆ ಬೇರೆ ಏನು ಬಂದರೂ ಗೊಂದಲ. ಹಳೆಯ ಕೆಲವು ಸೆನ್ಸರುಗಳು ಪ್ಯಾರಾಸಿಟಮಾಲನ್ನೇ ಸಕ್ಕರೆ ಅಂದುಕೊಂಡು ಹೆಚ್ಚು ತೋರಿಸುತ್ತಿದ್ದವು. ಇನ್ನು ಕೆಲವಕ್ಕೆ ಜಾಸ್ತಿ ವಿಟಮಿನ್ ಸಿ ಮಾತ್ರೆ ಆಗಿಬರುವುದಿಲ್ಲ. 1999ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮೊದಲ ಸಿಜಿಎಂನಲ್ಲಿ ರೋಗಿಗೆ ಅಂಕಿಯೇ ಕಾಣುತ್ತಿರಲಿಲ್ಲ. ಮೂರು ದಿನ ಹಾಕಿಕೊಂಡು ಹೋಗಿ ಡಾಕ್ಟರಿಗೆ ಕೊಡಬೇಕಿತ್ತು. ಅಲ್ಲಿಂದ ಇಲ್ಲಿಗೆ ಬಂದ ದೂರ ಕಡಿಮೆಯೇನಲ್ಲ.

ಈಗ ಬಿಸಿಲಿಗೆ ಬರೋಣ. ಕಿಣ್ವ ಒಂದು ಪ್ರೋಟೀನು. ಬಿಸಿ ತಾಗಿದರೆ ಕೆಡುತ್ತದೆ. ಅದಕ್ಕೇ ಈ ಸೆನ್ಸರುಗಳ ಡಬ್ಬಿ ಮೇಲೆ 25 ಅಥವಾ 30 ಡಿಗ್ರಿಗಿಂತ ಮೇಲೆ ಇಡಬೇಡಿ ಅಂತ ಬರೆದಿರುತ್ತಾರೆ. ರಾಯಚೂರಿನಲ್ಲಿ ಮೇ ತಿಂಗಳ ಮಧ್ಯಾಹ್ನ 40 ದಾಟುವುದು ಮಾಮೂಲಿ. ಕೊರಿಯರ್ ವ್ಯಾನಿನೊಳಗೆ, ತಗಡಿನ ಗೋದಾಮಿನಲ್ಲಿ, ಕರೆಂಟ್ ಹೋದ ಮೆಡಿಕಲ್ ಶಾಪಿನಲ್ಲಿ ಎಷ್ಟಿರುತ್ತದೆ? ಮಾವ ಇನ್ಸುಲಿನ್ನನ್ನು ಮೊದಲಿನಿಂದಲೂ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಯಲ್ಲಿ ಇಡುತ್ತಾರೆ. ಸೆನ್ಸರಿನ ಡಬ್ಬಿಯನ್ನೂ ಅದರ ಪಕ್ಕಕ್ಕೇ ಇಟ್ಟಿದ್ದರು. ಆ ಡಬ್ಬಿ ಸಿಂಧನೂರು ಮುಟ್ಟಿದ ಮೇಲೆ ತಂಪಾಗಿತ್ತು. ಮುಟ್ಟುವ ಮುಂಚೆ ಏನಾಗಿತ್ತೋ ಡಬ್ಬಿ ಹೇಳುವುದಿಲ್ಲ.

ಅಂಟಿನ ಕಥೆ ಇನ್ನೂ ಸರಳ. ಬಿಸಿಲಲ್ಲಿ ಮೈಮುರಿದು ದುಡಿಯುವವನು ಗಂಟೆಗೆ ಒಂದು ಲೀಟರಿಗೂ ಮೀರಿ ಬೆವರಬಹುದು. ಅಂಟು ಪಟ್ಟಿಯ ಕೆಳಗೆ ಬೆವರು ನಿಂತರೆ ಪಟ್ಟಿ ಎದ್ದೇಳುತ್ತದೆ, ಇಲ್ಲವಾದರೆ ಚರ್ಮ ಉಸಿರುಗಟ್ಟಿ ಬೆವರುಸಾಲೆ ಏಳುತ್ತದೆ. ಇದಕ್ಕೆ ಉತ್ತರ ಹುಡುಕುವವರು ಇಲ್ಲದಿಲ್ಲ. 2017ರಲ್ಲಿ ಟೋಕಿಯೊದ ತಕಾವೊ ಸೊಮೆಯಾ ಅವರ ತಂಡ ಚಿನ್ನದ ನೂಲಿನ ಬಲೆಯೊಂದನ್ನು ಮಾಡಿತು. ನೀರಿನಲ್ಲಿ ಕರಗುವ ಪ್ಲಾಸ್ಟಿಕ್ ಎಳೆಗಳ ಮೇಲೆ ಚಿನ್ನದ ತೆಳು ಲೇಪ. ಚರ್ಮದ ಮೇಲಿಟ್ಟು ಒಂದಿಷ್ಟು ನೀರು ಚಿಮುಕಿಸಿದರೆ ಪ್ಲಾಸ್ಟಿಕ್ ಕರಗಿ, ಚಿನ್ನದ ಎಳೆಗಳು ಮಾತ್ರ ಚರ್ಮದ ಗೆರೆಗೆರೆಗೂ ಕೂತುಬಿಡುತ್ತವೆ. ನಡುವಿನ ಸಂದಿಯಿಂದ ಬೆವರು, ಗಾಳಿ ಆಡುತ್ತದೆ. ಒಂದು ವಾರ ಹಾಕಿಕೊಂಡರೂ ಚರ್ಮ ಕೆರಳಲಿಲ್ಲ ಅಂತ ಅವರು ಬರೆದರು. ಓದಿದಾಗ ಹಟ್ಟಿಯ ಚಿನ್ನದ ಗಣಿ ನೆನಪಾಯಿತು. ನೆಲದಡಿಯಲ್ಲಿ ಅದೇ ಚಿನ್ನ ಅಗೆಯುವವರ ಮೈಮೇಲೆ ಈ ಬಲೆ ಹಾಕಿ ನೋಡಿದರೆ ಎಷ್ಟು ದಿನ ಉಳಿದೀತು? ಟೋಕಿಯೊದ ಪ್ರಯೋಗಾಲಯಕ್ಕೆ ಆ ಪ್ರಶ್ನೆ ಬರಬೇಕಾಗಿಲ್ಲ. ನಮಗೆ ಬರಬೇಕು.

ಬಿಸಿಲಿಗಿಂತ ಗಂಭೀರವಾದದ್ದು ಚರ್ಮದ ಬಣ್ಣದ ಪ್ರಶ್ನೆ. ಕೋವಿಡ್ ಕಾಲದಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ತಂದು ಬೆರಳಿಗೆ ಸಿಕ್ಕಿಸುತ್ತಿದ್ದ, ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಎಲ್ಲರಿಗೂ ನೆನಪಿದೆ. 94ಕ್ಕಿಂತ ಕೆಳಗೆ ಬಂದರೆ ಆಸ್ಪತ್ರೆಗೆ ಹೋಗಿ ಅಂತ ಹೇಳುತ್ತಿದ್ದರು. 1974ರಲ್ಲಿ ಜಪಾನಿನ ತಕುವೊ ಅಯೊಯಾಗಿ ರೂಪಿಸಿದ ತತ್ವ ಅದು. ಕೆಂಪು ಬೆಳಕು ಒಂದು, ಕಣ್ಣಿಗೆ ಕಾಣದ ಅವಕೆಂಪು ಬೆಳಕು ಇನ್ನೊಂದು. ಆಮ್ಲಜನಕ ತುಂಬಿದ ರಕ್ತ ಒಂದನ್ನು ಜಾಸ್ತಿ ಹೀರುತ್ತದೆ, ಖಾಲಿ ರಕ್ತ ಇನ್ನೊಂದನ್ನು. ಎರಡರ ಪ್ರಮಾಣ ನೋಡಿ ಯಂತ್ರ ಒಂದು ಪಟ್ಟಿಯಲ್ಲಿ ಅಂಕಿ ಹುಡುಕಿ ತೋರಿಸುತ್ತದೆ. ಆ ಪಟ್ಟಿ ಎಲ್ಲಿಂದ ಬಂತು? ಆರೋಗ್ಯವಂತ ಸ್ವಯಂಸೇವಕರಿಗೆ ಆಮ್ಲಜನಕ ಕಡಿಮೆ ಇರುವ ಗಾಳಿ ಕೊಟ್ಟು, ಅವರ ರಕ್ತಕ್ಕೆ ಹೋಲಿಸಿ ಮಾಡಿದ್ದು. ಔಷಧಿ, ಸಾಧನಗಳಿಗೆ ಅನುಮತಿ ಕೊಡುವ ಅಮೆರಿಕದ ಎಫ್‌ಡಿಎ 2013ರಲ್ಲಿ ಹೇಳಿದ್ದಿಷ್ಟೇ: ಕನಿಷ್ಠ 10 ಜನರ ಮೇಲೆ ಪರೀಕ್ಷೆ ಮಾಡಿ, ಅದರಲ್ಲಿ ಕನಿಷ್ಠ ಇಬ್ಬರೋ ಶೇ 15ರಷ್ಟೋ ಕಪ್ಪು ಚರ್ಮದವರಿರಲಿ. ಹತ್ತು ಜನರಲ್ಲಿ ಇಬ್ಬರು!

2020ರಲ್ಲಿ ಇದರ ಫಲ ಕಾಗದದ ಮೇಲೆ ಬಂತು. ಯಂತ್ರ 92ರಿಂದ 96 ಅಂತ ತೋರಿಸುತ್ತಿದ್ದಾಗ ರಕ್ತ ತೆಗೆದು ನೋಡಿದರೆ ನಿಜಕ್ಕೂ 88ಕ್ಕಿಂತ ಕೆಳಗಿದ್ದವರು ಎಷ್ಟು ಅಂತ ಅಮೆರಿಕದ ವೈದ್ಯರು ಲೆಕ್ಕ ಹಾಕಿದರು. ಬಿಳಿಯರಲ್ಲಿ ಶೇ 3.6. ಕಪ್ಪು ಜನರಲ್ಲಿ ಶೇ 11.7. ಯಂತ್ರ ಕಪ್ಪು ಚರ್ಮದವನಿಗೆ "ಆರಾಮಿದ್ದೀಯ" ಅಂತ ಸುಳ್ಳು ಹೇಳುವುದು ಮೂರು ಪಟ್ಟು ಹೆಚ್ಚು. 2025ರ ಜನವರಿಯಲ್ಲಿ ಎಫ್‌ಡಿಎ ಹೊಸ ಕರಡು ತಂದು, ಬೇರೆ ಬೇರೆ ಚರ್ಮದ ಬಣ್ಣದ ಕನಿಷ್ಠ 150 ಜನರ ಮೇಲೆ ಪರೀಕ್ಷೆ ಆಗಲಿ ಅಂದಿತು.

ಸಂಡೂರಿನ ಗಣಿಯಲ್ಲಿ ದುಡಿದವನ, ಗಂಗಾವತಿಯ ಗದ್ದೆಯಲ್ಲಿ ನಾಟಿ ಮಾಡಿದವಳ ಚರ್ಮ ಆ ಎರಡು ಗುಂಪುಗಳ ನಡುವೆ ಎಲ್ಲೆಲ್ಲೋ ಹರಡಿಕೊಂಡಿದೆ. ಹುಟ್ಟಿದ ಬಣ್ಣ ಒಂದು, ಬಿಸಿಲು ಬಳಿದ ಬಣ್ಣ ಇನ್ನೊಂದು. 94 ಅಂತ ತೋರಿಸಿದ್ದಕ್ಕೆ ಮನೆಯಲ್ಲೇ ಉಳಿದವರಲ್ಲಿ ನಿಜಕ್ಕೂ 91 ಇದ್ದವರು ಎಷ್ಟು ಜನ ಅಂತ ಯೋಚಿಸಿದರೆ ಎದೆ ಝಲ್ಲೆನ್ನುತ್ತದೆ.

ಕೈಗಡಿಯಾರಗಳದೂ ಬೆಳಕಿನ ಆಟವೇ, ಹಸಿರು ಬೆಳಕು. ಅದರ ವಿಷಯ ಜಾಸ್ತಿ ಬರೆಯುವುದಿಲ್ಲ, ಒಂದು ಘಟನೆ ಸಾಕು. ಬಳ್ಳಾರಿಯ ಬೆಂಗಳೂರು ರೋಡಿನ ಒಂದು ಅಂಗಡಿಯಲ್ಲಿ ಸಾವಿರದೈನೂರರ ವಾಚು ತೋರಿಸಿ ಹುಡುಗ "ಬಿಪಿ, ಶುಗರ್ ಎಲ್ಲಾ ತೋರಿಸ್ತದ ಸರ್" ಅಂದ. ನಾನು ಸುಮ್ನೆ ಅದನ್ನು ನೀರಿನ ಬಾಟಲಿಗೆ ಸುತ್ತಿ ಇಟ್ಟೆ. ಒಂದು ನಿಮಿಷದಲ್ಲಿ ಬಾಟಲಿಯ ಎದೆಬಡಿತ 74 ಅಂತ ಬಂತು. ಹುಡುಗನೂ ನಕ್ಕ. ಚುಚ್ಚದೆ ಸಕ್ಕರೆ ಅಳೆಯುತ್ತೇವೆ ಅನ್ನುವ ವಾಚು, ಉಂಗುರಗಳನ್ನು ನಂಬಬೇಡಿ ಅಂತ ಎಫ್‌ಡಿಎ 2024ರ ಫೆಬ್ರುವರಿಯಲ್ಲೇ ಎಚ್ಚರಿಸಿದೆ. ಅಂಥ ಒಂದು ಸಾಧನಕ್ಕೂ ಅದು ಅನುಮತಿ ಕೊಟ್ಟಿರಲಿಲ್ಲ. ನಮ್ಮಲ್ಲಿ 2017ರ ವೈದ್ಯಕೀಯ ಸಾಧನ ನಿಯಮಗಳು ಅಪಾಯದ ಲೆಕ್ಕದಲ್ಲಿ ಸಾಧನಗಳನ್ನು ಎ, ಬಿ, ಸಿ, ಡಿ ಅಂತ ನಾಲ್ಕು ವರ್ಗ ಮಾಡಿವೆ. ಆದರೆ ಡಬ್ಬಿಯ ಮೂಲೆಯಲ್ಲಿ ಇರುವೆ ಅಕ್ಷರದಲ್ಲಿ "ವೈದ್ಯಕೀಯ ಬಳಕೆಗೆ ಅಲ್ಲ" ಅಂತ ಬರೆದುಕೊಂಡು, ಬಾಯಲ್ಲಿ ಎಲ್ಲಾ ಹೇಳುವ ವ್ಯಾಪಾರ ನಡೆದೇ ಇದೆ.

ಚರ್ಮದ ಮೇಲೆ ಇಷ್ಟೆಲ್ಲ ರಗಳೆ ಇದ್ದರೆ ಒಳಗೇ ಇಟ್ಟುಬಿಡಬಹುದಲ್ಲ? ಇಟ್ಟಿದ್ದಾರೆ, ಅದೂ 1958ರಲ್ಲೇ. ಸ್ವೀಡನ್ನಿನ ಆರ್ನೆ ಲಾರ್ಸನ್ ಎಂಬ ರೋಗಿಗೆ ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಮಾಡಿದ, ಎದೆಬಡಿತ ತಪ್ಪದಂತೆ ನೋಡಿಕೊಳ್ಳುವ ಪೇಸ್‌ಮೇಕರನ್ನು ಸರ್ಜನ್ ಓಕೆ ಸೆನ್ನಿಂಗ್ ಕೂರಿಸಿದರು. ಬೂಟ್ ಪಾಲಿಶ್ ಡಬ್ಬಿಯನ್ನೇ ಅಚ್ಚು ಮಾಡಿಕೊಂಡು ಎರಕ ಹೊಯ್ದ ಯಂತ್ರ. ಕೆಲವೇ ಗಂಟೆಯಲ್ಲಿ ಕೆಟ್ಟಿತು. ಆಮೇಲೆ 20ಕ್ಕೂ ಹೆಚ್ಚು ಬಾರಿ ಬದಲಾಯಿಸಿಕೊಂಡು ಲಾರ್ಸನ್ 2001ರವರೆಗೆ, 86 ವರ್ಷ ಬದುಕಿದರು. ಯಂತ್ರ ಮಾಡಿದವರಿಗಿಂತ, ಕೂರಿಸಿದವರಿಗಿಂತ ಹೆಚ್ಚು ದಿನ ಇದ್ದು ಹೋದರು. 2016ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕ ತಂತಿಯಿಲ್ಲದ ಪೇಸ್‌ಮೇಕರ್ 2 ಗ್ರಾಂಗಿಂತ ಹಗುರ. ಮಾತ್ರೆಯಂಥದ್ದನ್ನು ತೊಡೆಯ ರಕ್ತನಾಳದಿಂದ ಹೃದಯದೊಳಕ್ಕೆ ಸಾಗಿಸಿ ಅಲ್ಲೇ ಕೂರಿಸುತ್ತಾರೆ.

ಒಳಗಿಟ್ಟ ಸಾಧನಕ್ಕೆ ಬೆವರಿನ ಕಾಟವಿಲ್ಲ. ಆದರೆ ನಮ್ಮ ಸೀಮೆಯಲ್ಲಿ ಅದಕ್ಕೆ ಬೇರೆ ಶತ್ರು ಇದೆ. ತೋರಣಗಲ್ಲಿನಿಂದ ಗಿಣಿಗೇರಿವರೆಗೆ ಕಬ್ಬಿಣ, ಉಕ್ಕಿನ ಕಾರ್ಖಾನೆಗಳ ಸಾಲು. ಇಂಡಕ್ಷನ್ ಕುಲುಮೆ, ದೊಡ್ಡ ಮೋಟಾರು, ಆರ್ಕ್ ವೆಲ್ಡಿಂಗ್ ಇವೆಲ್ಲ ಜೋರಾದ ಕಾಂತಕ್ಷೇತ್ರ ಹುಟ್ಟಿಸುತ್ತವೆ. ಪೇಸ್‌ಮೇಕರ್ ಆ ಗದ್ದಲವನ್ನೇ ಎದೆಬಡಿತ ಅಂದುಕೊಂಡು ಸುಮ್ಮನಾಗಬಹುದು. ವೆಲ್ಡಿಂಗ್ ಮಾಡುವವರು ವೆಲ್ಡಿಂಗ್ ಕಿಡಿಗೂ ಎದೆಗೂ ಕನಿಷ್ಠ 2 ಅಡಿ ಅಂತರ ಇರಲಿ, ಕೇಬಲ್ ಹೆಗಲ ಮೇಲೆ ಹಾಕಿಕೊಳ್ಳಬೇಡಿ ಅಂತ ಹೇಳುತ್ತಾರೆ. ಫೋನು ಕೂಡ ಅರ್ಧ ಅಡಿ ದೂರವಿದ್ದರೆ ಒಳ್ಳೆಯದು, ಎಡ ಎದೆಯಲ್ಲಿ ಯಂತ್ರ ಇದ್ದರೆ ಎಡ ಜೇಬಿನಲ್ಲಿ ಫೋನು ಬೇಡ. ಡಿಸ್ಚಾರ್ಜ್ ಮಾಡುವಾಗ "ನಿಮ್ಮ ಕೆಲಸ ಏನು?" ಅಂತ ಒಂದು ಮಾತು ಕೇಳಿದರೆ ಇದೆಲ್ಲ ಹೇಳಲು ಐದು ನಿಮಿಷ ಸಾಕು.

ಸಾಧನ ಸರಿಯಾಗೇ ಹೇಳಿತು ಅಂದುಕೊಳ್ಳಿ. ಆಮೇಲೆ? ಎದೆಬಡಿತ ತಪ್ಪಿದೆ ಅಂತ ವಾಚು ಮಸ್ಕಿಯ ಹಳ್ಳಿಯೊಂದರಲ್ಲಿ ರಾತ್ರಿ ಎಚ್ಚರಿಸಿದರೆ ಮುಂದೆ ಯಾರು? ಈ ವಿಷಯದಲ್ಲಿ ನನಗೆ ಹೆಚ್ಚು ಭರವಸೆ ಹುಟ್ಟಿಸಿದ್ದು ಮೈಗೆ ಅಂಟದ ಒಂದು ಯಂತ್ರ. ರಾಜ್ಯದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ದೂರದ ತಜ್ಞರಿಗೆ ಹೋಗುತ್ತದೆ, ಕೃತಕ ಬುದ್ಧಿಮತ್ತೆಯ ಸಹಾಯದಿಂದ ಕೆಲವೇ ನಿಮಿಷದಲ್ಲಿ ಉತ್ತರ ಬರುತ್ತದೆ. ಹೃದಯಾಘಾತ ಅಂತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನು ಅಲ್ಲೇ, ಉಚಿತವಾಗಿ. ಅಲ್ಲಿ ಇಸಿಜಿಯ ಗೆರೆ, ಅದನ್ನು ಓದುವವರು, ಕೊಡುವ ಔಷಧಿ ಮೂರೂ ಒಂದೇ ದಾರದಲ್ಲಿವೆ. ಮನೆಯಲ್ಲಿ ಕಟ್ಟಿಕೊಂಡ ವಾಚಿಗೆ ಆ ದಾರ ಇಲ್ಲ. ಏಮ್ಸ್ ಬೇಕು ಅಂತ ರಾಯಚೂರಿನವರು 2022ರಿಂದ ಧರಣಿ ಕೂತಿದ್ದೂ ಈ ದಾರಕ್ಕಾಗಿಯೇ.

ನಮಗೆ ನಿಜಕ್ಕೂ ಬೇಕಾದ ಸೆನ್ಸರ್ ಯಾವುದು ಅಂತ ಕೇಳಿದರೆ ನಾನು ಕೈಗವಸು ಅನ್ನುತ್ತೇನೆ. 2017ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಯ ಜೋಸೆಫ್ ವಾಂಗ್ ಅವರ ತಂಡ ರಬ್ಬರ್ ಗ್ಲೌಸಿನ ಬೆರಳ ತುದಿಗೆ ಸೆನ್ಸರ್ ಅಚ್ಚು ಹಾಕಿತು. ತೋರುಬೆರಳಲ್ಲಿ ಕಿಣ್ವ, ಹೆಬ್ಬೆರಳಲ್ಲಿ ಒರೆಸಿ ತೆಗೆಯುವ ಜಾಗ. ಹಣ್ಣು, ತರಕಾರಿ, ಮೇಜು ಏನನ್ನಾದರೂ ಹೆಬ್ಬೆರಳಲ್ಲಿ ಉಜ್ಜಿ ಎರಡು ಬೆರಳು ಕೂಡಿಸಿದರೆ ಕೀಟನಾಶಕಗಳಲ್ಲಿರುವ ಆರ್ಗನೋಫಾಸ್ಫೇಟ್ ವಿಷ ಇದೆಯೋ ಇಲ್ಲವೋ ಫೋನಿನಲ್ಲಿ ಬರುತ್ತದೆ. ಹತ್ತಿ, ಮೆಣಸಿನಕಾಯಿ, ಭತ್ತಕ್ಕೆ ಬರಿ ಮೈಯಲ್ಲಿ ಪಂಪು ಹೊತ್ತು ಔಷಧಿ ಹೊಡೆಯುವ ರಾಯಚೂರು ಸೀಮೆಗೆ ಇದಕ್ಕಿಂತ ಹೊಂದುವ ಸಾಧನ ನನಗೆ ಕಾಣುವುದಿಲ್ಲ. ಅದನ್ನು ಕೊಳ್ಳಬೇಕಾದವನು ಕೂಲಿಯವನು, ಅದೇ ಅದರ ಕಷ್ಟ. ಸರ್ಕಾರವೋ ಕೀಟನಾಶಕ ಕಂಪನಿಯೋ ಕೊಂಡು ಹಂಚದಿದ್ದರೆ ಹೊಲ ಮುಟ್ಟುವುದಿಲ್ಲ.

ಇನ್ನೊಂದು ಮಾತು, ಬೇಗ ಹೇಳಿ ಮುಗಿಸುತ್ತೇನೆ. ಗುತ್ತಿಗೆದಾರನೇ ಕಾರ್ಮಿಕರಿಗೆ ವಾಚು ಕೊಟ್ಟರೆ ಆ ಎದೆಬಡಿತದ ಲೆಕ್ಕ ಯಾರದು? "ಇವನಿಗೆ ಸುಸ್ತು ಜಾಸ್ತಿ, ನಾಳೆಯಿಂದ ಬೇಡ" ಅನ್ನಲು ಅದನ್ನೇ ಬಳಸಿದರೆ? ವೈಯಕ್ತಿಕ ಡೇಟಾ ರಕ್ಷಣೆಗೆ 2023ರಲ್ಲಿ ಕಾಯ್ದೆ ಬಂದಿದೆ. ಗಣಿಯ ಗೇಟಿನಲ್ಲಿ ಅದನ್ನು ಓದಿ ಹೇಳುವವರು ಬೇಕು.

ಪರೀಕ್ಷೆ ಮಾಡಲು ನಮ್ಮಲ್ಲಿ ಜಾಗಕ್ಕೆ ಬರವಿಲ್ಲ. ಬಳ್ಳಾರಿಯಲ್ಲಿ 1961ರಿಂದ ವೈದ್ಯಕೀಯ ಕಾಲೇಜಿದೆ. ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್ ಇದೆ. ಸಾಧನ ಮಾಡುವ ಬುದ್ಧಿವಂತರು ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲೂ ಇದ್ದಾರೆ. ಆದರೆ ಬೆಂಗಳೂರಿನ ಎಸಿ ಕೋಣೆಯಲ್ಲಿ ಪಾಸಾದ ಸೆನ್ಸರಿಗೆ ರಾಯಚೂರಿನ ಮೇ ತಿಂಗಳು ಇನ್ನೊಂದು ಪರೀಕ್ಷೆ. ಬಳ್ಳಾರಿಯ ಜೀನ್ಸ್ ಹೊಲಿಯುವವರು, ಸಂಡೂರಿನ ಲಾರಿ ಡ್ರೈವರುಗಳು, ಸಿಂಧನೂರಿನ ನಾಟಿ ಹೆಣ್ಣುಮಕ್ಕಳು, ಇವರ ಮೈಮೇಲೆ ಎರಡು ವಾರ ಇಟ್ಟು, ದಿನಕ್ಕೆರಡು ಸಲ ರಕ್ತದ ಅಂಕಿಗೆ ಹೋಲಿಸಿ, ಎಷ್ಟು ಕಳಚಿದವು, ಎಷ್ಟು ಸುಳ್ಳು ಹೇಳಿದವು ಅಂತ ಡಬ್ಬಿಯ ಮೇಲೇ ಅಚ್ಚು ಹಾಕಲಿ. ಇಲ್ಲಿ ಮಾರುವವರಿಗೆ ಈ ಷರತ್ತು ಹಾಕುವುದು ಅತಿಯಾಸೆ ಅಂತ ನನಗೆ ಅನಿಸುವುದಿಲ್ಲ.

ಮಾವ ಸೆನ್ಸರ್ ಬಿಟ್ಟಿಲ್ಲ. ದೀಪಾವಳಿ ಕಳೆದ ಮೇಲೆ ಇನ್ನೊಂದು ಹಾಕಿಸಿಕೊಂಡರು. ಈ ಸಲ ಬಲ ತೋಳಿಗೆ, ಮೇಲೆ ಅತ್ತೆಯ ಹಳೇ ಕಾಟನ್ ಸೀರೆಯ ತುಂಡು ಸುತ್ತಿ. ಹದಿನಾಲ್ಕು ದಿನವೂ ಉಳಿಯಿತು. "ಚಳಿಗಾಲಕ್ಕೆ ಇದು, ಬ್ಯಾಸಿಗಿಗೆ ಬೆರಳು" ಅಂತ ತೀರ್ಮಾನ ಮಾಡಿದ್ದಾರೆ. ಅವರ ಸಕ್ಕರೆ ಜಾಸ್ತಿ ಏರಿಳಿಯುವುದು ಬೇಸಿಗೆಯಲ್ಲೇ.